ಸ್ಟೀರಿಯೋ ಸತ್ತಿಲ್ಲ, ಮೊದಲು ಚಾರ್ಜರ್ ಕಡೆ ನೋಡಿ

ಪ್ರಶ್ನೆ: ನಮ್ಮದು 2015ರ ಪೆಟ್ರೋಲ್ ಕಾರು, ಚಿಕ್ಕದು. ಸ್ಟೀರಿಯೋ ಕಂಪನಿಯಿಂದ ಬಂದದ್ದಲ್ಲ, ಕಾರು ತಗೊಂಡ ವರ್ಷ ಹೊರಗೆ ಹಾಕಿಸಿದ್ದು. ಇಷ್ಟು ವರ್ಷ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಹೋದ ತಿಂಗಳು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಆಗುಂಬೆ ಘಾಟಿ ಇಳಿಯುವಾಗ ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಹಾಡು ಟಕ್ ಅಂತ ನಿಂತುಹೋಯಿತು. ಡಿಸ್‌ಪ್ಲೇ ಕೂಡ ಕತ್ತಲೆ. ಎಂಜಿನ್, ಹಾರ್ನ್, ಹೆಡ್‌ಲೈಟ್ ಎಲ್ಲ ಸರಿಯಾಗಿವೆ. ಗ್ಯಾರೇಜಿನಲ್ಲಿ ಎರಡು ಸಲ ಬಟನ್ ಒತ್ತಿ ನೋಡಿ, "ಸೆಟ್ ಹೋಗಿದೆ ಸರ್, ಆಂಡ್ರಾಯ್ಡ್ ಹಾಕ್ಸಿಬಿಡಿ, 14 ಸಾವಿರಕ್ಕೆ ಮಾಡಿಕೊಡ್ತೀನಿ" ಅಂದರು. ಹಾಕಿಸಲೋ ಬೇಡವೋ? ಅಂದ ಹಾಗೆ, ಅವತ್ತಿನಿಂದ ಕಾರಿನ ಮೊಬೈಲ್ ಚಾರ್ಜರ್ ಕೂಡ ನಡೆಯುತ್ತಿಲ್ಲ. ಹೊಸ ಚಾರ್ಜರ್ ತಂದರೂ ಅದೇ ಕಥೆ. ಒಳಗಿನ ರೂಮ್ ಲೈಟ್ ಮಾತ್ರ ಉರಿಯುತ್ತದೆ.

ಉತ್ತರ: ಸದ್ಯಕ್ಕೆ ಆ 14 ಸಾವಿರ ನಿಮ್ಮ ಹತ್ತಿರವೇ ಇರಲಿ. ಪತ್ರದ ಕೊನೆಗೆ "ಅಂದ ಹಾಗೆ" ಅಂತ ಸುಮ್ನೆ ಒಂದು ಮಾತು ಸೇರಿಸಿದ್ದೀರಲ್ಲ, ನನಗೆ ಬೇಕಾಗಿದ್ದದ್ದು ಅದೇ. ಸ್ಟೀರಿಯೋ ಮತ್ತು ಚಾರ್ಜರ್ ಒಂದೇ ದಿನ ನಿಂತಿವೆ. ಹೊಸ ಚಾರ್ಜರ್ ಹಾಕಿದರೂ ಕರೆಂಟ್ ಇಲ್ಲ. ಅಂದರೆ ಕೆಟ್ಟಿರುವುದು ಸ್ಟೀರಿಯೋ ಆಗಿರುವ ಸಾಧ್ಯತೆ ಕಡಿಮೆ. ಎರಡಕ್ಕೂ ಕರೆಂಟ್ ಕೊಡುವ ದಾರಿ ಎಲ್ಲೋ ಕಟ್ ಆಗಿದೆ. ಹಳ್ಳಿಯಲ್ಲಿ ಒಂದು ಮನೆಗೆ ಕರೆಂಟ್ ಹೋದರೆ ಮೊದಲು ಪಕ್ಕದ ಮನೆ ಕಡೆ ನೋಡುತ್ತೇವೆ, ಅಲ್ವಾ? ಅಲ್ಲೂ ಕತ್ತಲೆ ಇದ್ದರೆ ನಮ್ಮ ಮನೆಯ ಬಲ್ಬನ್ನು ಯಾರೂ ಬಿಚ್ಚುವುದಿಲ್ಲ. ಕಾರಿನಲ್ಲಿ ಮಾತ್ರ ಯಾಕೋ ಎಲ್ಲರೂ ಮೊದಲು ಬಲ್ಬಿಗೇ ಕೈ ಹಾಕುತ್ತಾರೆ.

ಸ್ಟೀರಿಯೋಗೆ ಕರೆಂಟ್ ಎರಡು ದಾರಿಯಲ್ಲಿ ಬರುತ್ತದೆ. ಒಂದು ಬ್ಯಾಟರಿಯಿಂದ ನೇರ ಬರುವುದು. ಕೀ ತೆಗೆದರೂ ಇದು ಇರುತ್ತದೆ. ಗಡಿಯಾರ, ನೀವು ಸೇವ್ ಮಾಡಿಟ್ಟ ಸ್ಟೇಷನ್‌ಗಳು ನೆನಪಿರುವುದು ಇದರಿಂದ. ನಾವು ಇದನ್ನು ಡೈರೆಕ್ಟ್ ಅಂತೀವಿ. ಇನ್ನೊಂದು ಕೀಯನ್ನು ಒಂದು ಹಂತ ತಿರುಗಿಸಿದಾಗ ಮಾತ್ರ ಬರುವುದು. ಕೀ ಹತ್ತಿರ ಇಂಗ್ಲಿಷಿನಲ್ಲಿ ಎ.ಸಿ.ಸಿ., ಅಂದರೆ ಆಕ್ಸೆಸರಿ, ಅಂತ ಬರೆದಿರುತ್ತದೆ. (ಅದನ್ನು ಎ.ಸಿ. ಸ್ವಿಚ್ ಅಂತ ತಿಳಿದು, "ಅಲ್ಲಿ ಇಟ್ಟರೂ ತಂಪಾಗೋದೇ ಇಲ್ಲ" ಅಂತ ಕಾರು ತಂದವರನ್ನೂ ನೋಡಿದ್ದೇನೆ.) ಈ ಎರಡನೇ ದಾರಿ ಸ್ಟೀರಿಯೋಗೆ "ಎದ್ದೇಳು" ಅಂತ ಹೇಳುವ ವೈರು. ಡೈರೆಕ್ಟ್ ಇದ್ದು ಇದು ಇಲ್ಲದಿದ್ದರೆ ಸೆಟ್ಟು ಏಳುವುದೇ ಇಲ್ಲ, ಹೆಣದ ಹಾಗೆ ಬಿದ್ದಿರುತ್ತದೆ.

ಎಷ್ಟೋ ಕಾರುಗಳಲ್ಲಿ ಚಾರ್ಜರ್ ಹಾಕುವ ಸಾಕೆಟ್ಟು, ಅಂದರೆ ಹಳೇ ಸಿಗರೇಟ್ ಲೈಟರ್ ಜಾಗ, ಮತ್ತು ಸ್ಟೀರಿಯೋದ ಈ ಎಬ್ಬಿಸುವ ವೈರು ಎರಡೂ ಒಂದೇ ಫ್ಯೂಸಿನ ಮೇಲಿರುತ್ತವೆ. ಹಾಗೆಯೇ ಡೈರೆಕ್ಟ್ ದಾರಿ ಎಷ್ಟೋ ಕಡೆ ರೂಮ್ ಲೈಟಿನ ಜೊತೆ ಒಂದೇ ಫ್ಯೂಸ್ ಹಂಚಿಕೊಂಡಿರುತ್ತದೆ. ನಿಮ್ಮ ರೂಮ್ ಲೈಟ್ ಉರಿಯುತ್ತಿದೆ, ಚಾರ್ಜರ್ ನಡೆಯುತ್ತಿಲ್ಲ. ಹಾಗಾಗಿ ನನ್ನ ಅನುಮಾನ ಎ.ಸಿ.ಸಿ. ಫ್ಯೂಸಿನ ಮೇಲೆ. ಹತ್ತು ರೂಪಾಯಿಯ ಸಾಮಾನು.

ಆದರೆ ಫ್ಯೂಸ್ ತಾನಾಗಿ ಹೋಗುವುದು ಅಪರೂಪ. ಅದನ್ನು ಯಾವುದೋ ಒಂದು ಸುಟ್ಟಿದೆ. ಯಾವುದು ಅಂತ ಹುಡುಕದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಆದ್ದರಿಂದ ಮೊದಲು ಸಾಕೆಟ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ.

ಏನು ಹುಡುಕಬೇಕು ಅಂತ ಹೇಳುತ್ತೇನೆ. ನಿಮ್ಮ ಹಳೇ ಚಾರ್ಜರ್ ಕೈಗೆ ತಗೊಳ್ಳಿ. ಅದರ ಮೂತಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಒಂದು ಸಣ್ಣ ಲೋಹದ ಮೊಳೆ ಇರುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆ. ಅದರ ಸುತ್ತ ಒಂದು ಬಿಲ್ಲೆ ಅಥವಾ ಉಂಗುರ. ಎಷ್ಟೋ ಚಾರ್ಜರ್‌ಗಳಲ್ಲಿ ಆ ಮೂತಿ ತಿರುಗಿಸಿ ಬಿಚ್ಚುವ ಹಾಗೆ ಇರುತ್ತದೆ, ಯಾಕೆಂದರೆ ಒಳಗೆ ಒಂದು ಪುಟ್ಟ ಗಾಜಿನ ಫ್ಯೂಸ್ ಇರುತ್ತದೆ. ಕಾರು ಕುಲುಕಿ ಕುಲುಕಿ ಆ ಮೂತಿ ಸಡಿಲವಾಗುತ್ತದೆ. ಒಂದು ದಿನ ಚಾರ್ಜರ್ ಎಳೆದಾಗ ಪ್ಲಾಸ್ಟಿಕ್ ಮಾತ್ರ ಕೈಗೆ ಬರುತ್ತದೆ, ಉಂಗುರ ಸಾಕೆಟ್ಟಿನ ಒಳಗೇ ಉಳಿಯುತ್ತದೆ. ಸಾಕೆಟ್ಟಿನ ತಳದ ನಡುವಿನ ಬಿಂದು ಪ್ಲಸ್, ಸುತ್ತಲಿನ ಗೋಡೆ ಮೈನಸ್. ಆ ಉಂಗುರ ಎರಡನ್ನೂ ಮುಟ್ಟಿದ ಕ್ಷಣ ಷಾರ್ಟ್. ಆಗುಂಬೆಯಲ್ಲಿ ಹದಿನಾಲ್ಕು ತಿರುವು, ಒಂದೊಂದರಲ್ಲೂ ಕಾರು ಆ ಕಡೆ ಈ ಕಡೆ ವಾಲುತ್ತದೆ. ಒಳಗಿದ್ದ ಉಂಗುರ ಉರುಳಿ ಜಾಗ ಹಿಡಿಯಲು ಅಷ್ಟು ಸಾಕು. ಮೊಬೈಲ್ ಚಾರ್ಜ್ ಆಗುತ್ತಿಲ್ಲ ಅಂತ ಅದಕ್ಕೆ ಸ್ವಲ್ಪ ಮೊದಲು ಯಾರಾದರೂ ಚಾರ್ಜರನ್ನು ತೆಗೆದು ಮತ್ತೆ ಸಿಕ್ಕಿಸಿದ್ದರಾ? ಮನೆಯಲ್ಲಿ ಕೇಳಿ ನೋಡಿ.

ಉಂಗುರವೇ ಆಗಬೇಕೆಂದಿಲ್ಲ. ಟೋಲ್‌ಗೆ ಅಂತ ಇಟ್ಟ ಒಂದು ರೂಪಾಯಿ ನಾಣ್ಯ, ಹೇರ್‌ಪಿನ್, ಕಿವಿಯೋಲೆಯ ತಿರುಪು, ಒಮ್ಮೆ ದೇವಸ್ಥಾನದ ತಾಯತದ ತಗಡು ಕೂಡ ನನಗೆ ಸಿಕ್ಕಿದೆ. ತೆಗೆಯುವಾಗ ಕೀ ತೆಗೆದಿಡಿ. ಮರದ ಕಡ್ಡಿ ಅಥವಾ ಪ್ಲಾಸ್ಟಿಕ್ ಚಿಮಟ ಬಳಸಿ. ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ. ಕೆಲವು ಕಾರುಗಳಲ್ಲಿ ಕೀ ತೆಗೆದರೂ ಆ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆ. ಆಯಸ್ಕಾಂತ ಹಾಕಿದರೆ ಕಬ್ಬಿಣದ್ದಾದರೆ ಬರುತ್ತದೆ, ಹಿತ್ತಾಳೆಯದಾದರೆ ಬರುವುದಿಲ್ಲ.

ಸಾಕೆಟ್ಟು ಚೊಕ್ಕವಾದ ಮೇಲೆ ಫ್ಯೂಸ್ ಬಾಕ್ಸಿಗೆ ಬನ್ನಿ. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಒಂದು ಬಾನೆಟ್ ಕೆಳಗೆ ಬ್ಯಾಟರಿ ಹತ್ತಿರ, ಇನ್ನೊಂದು ಡ್ರೈವರ್ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಅಡಿ. ನಿಮಗೆ ಬೇಕಾದದ್ದು ಹೆಚ್ಚಾಗಿ ಒಳಗಿನದು. ಮುಚ್ಚಳದ ಒಳಮೈಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಅಂತ ಚಿತ್ರ ಇರುತ್ತದೆ. ರೇಡಿಯೋ, ಆಡಿಯೋ, ಎ.ಸಿ.ಸಿ., ಸಿಗರ್, ಔಟ್‌ಲೆಟ್, ಇವುಗಳಲ್ಲಿ ಯಾವುದಾದರೂ ಒಂದು ಹೆಸರಲ್ಲಿ ಇರುತ್ತದೆ. ಹಿಡಿದೆಳೆಯಲು ಒಂದು ಪುಟ್ಟ ಪ್ಲಾಸ್ಟಿಕ್ ಚಿಮಟವನ್ನೂ ಎಷ್ಟೋ ಕಾರುಗಳಲ್ಲಿ ಅಲ್ಲೇ ಸಿಕ್ಕಿಸಿಟ್ಟಿರುತ್ತಾರೆ.

ಎಷ್ಟು ಕರೆಂಟ್ ತಾಳುತ್ತದೆ ಅನ್ನುವ ಲೆಕ್ಕವನ್ನು ಫ್ಯೂಸಿನ ಬಣ್ಣವೇ ಹೇಳುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕಿತ್ತು ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಾಣುತ್ತದೆ. ನಡುವೆ ತುಂಡಾಗಿ ಕಪ್ಪಾಗಿದ್ದರೆ ಹೋಗಿದೆ ಅಂತ. ಆದರೆ ಕಣ್ಣನ್ನು ಪೂರ್ತಿ ನಂಬಬೇಡಿ. ಕೂದಲೆಳೆಯಷ್ಟು ಬಿರುಕು ಬಿಟ್ಟ ಫ್ಯೂಸ್ ನೋಡಲು ಹೊಸದರ ಹಾಗೇ ಇರುತ್ತದೆ.

ಅದಕ್ಕೇ ಟೆಸ್ಟ್ ಲ್ಯಾಂಪ್ ಅಂತ ಒಂದಿದೆ. ಮೊನಚಾದ ಕಡ್ಡಿ, ಹಿಡಿಯೊಳಗೆ ಒಂದು 12 ವೋಲ್ಟ್ ಬಲ್ಬು, ಬಾಲಕ್ಕೆ ವೈರು, ವೈರಿನ ತುದಿಗೆ ಕ್ಲಿಪ್ಪು. ನೂರಿನ್ನೂರು ರೂಪಾಯಿಗೆ ಯಾವ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. ಕ್ಲಿಪ್ಪನ್ನು ಬಣ್ಣ ಇಲ್ಲದ ಬಾಡಿ ಬೋಲ್ಟಿಗೆ ಕಚ್ಚಿಸಿ. ಕೀಯನ್ನು ಎ.ಸಿ.ಸಿ.ಗೆ ತಿರುಗಿಸಿ. ಫ್ಯೂಸ್ ಕೀಳುವುದೇ ಬೇಡ. ಅದರ ನೆತ್ತಿಯ ಮೇಲೆ ಎರಡು ಕಡೆ ಸಾಸಿವೆ ಕಾಳಿನಷ್ಟು ಲೋಹ ಹೊರಗೆ ಕಾಣುತ್ತದೆ, ಅಲ್ಲಿಗೆ ಕಡ್ಡಿ ಮುಟ್ಟಿಸಿ. ಎರಡು ಕಡೆಯೂ ಬಲ್ಬ್ ಉರಿದರೆ ಫ್ಯೂಸ್ ಸರಿ ಇದೆ. ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಎರಡು ಕಡೆಯೂ ಉರಿಯದಿದ್ದರೆ ಫ್ಯೂಸಿಗೇ ಕರೆಂಟ್ ಬರುತ್ತಿಲ್ಲ, ಅಂದರೆ ತಪ್ಪು ಇನ್ನೂ ಹಿಂದೆ, ಕೀ ಸ್ವಿಚ್ಚಿನಲ್ಲೋ ಬಾನೆಟ್ ಕೆಳಗಿನ ದೊಡ್ಡ ಫ್ಯೂಸಿನಲ್ಲೋ ಇದೆ. ಹಳೇ ಕಾರುಗಳಲ್ಲಿ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆಯುತ್ತದೆ. ಕೀ ಅಲ್ಲಾಡಿಸಿದಾಗ ಹಾಡು ಬಂದು ಹೋಗಿ ಮಾಡಿದರೆ ಅದೇ ಅಂತ ತಿಳಿಯಿರಿ. ಕಾರು ಸ್ಟಾರ್ಟ್ ಮಾಡುವ ಆ ಎರಡು ಕ್ಷಣ ಮಾತ್ರ ಸೆಟ್ಟು ಆರಿ ಮತ್ತೆ ಬರುವುದು ದೋಷವಲ್ಲ. ಸ್ಟಾರ್ಟರ್‌ಗೆ ಪೂರ್ತಿ ಕರೆಂಟ್ ಸಿಗಲಿ ಅಂತ ಕಾರೇ ಅದನ್ನು ಕಟ್ ಮಾಡುತ್ತದೆ.

ಫ್ಯೂಸ್ ಬದಲಾಯಿಸುವಾಗ ಒಂದು ಮಾತು ಕಟ್ಟುನಿಟ್ಟು. 15 ಇದ್ದ ಜಾಗಕ್ಕೆ 15ನ್ನೇ ಹಾಕಿ. "ಪದೇ ಪದೇ ಹೋಗುತ್ತೆ, 30 ಹಾಕಿಬಿಡಿ" ಅನ್ನುವವರ ಮಾತು ಕೇಳಬೇಡಿ. ಫ್ಯೂಸ್ ಇರುವುದು ಸ್ಟೀರಿಯೋ ಉಳಿಸಲು ಅಲ್ಲ, ವೈರು ಉಳಿಸಲು. ಡ್ಯಾಶ್‌ಬೋರ್ಡಿನ ಹಿಂದೆ ಹೋಗಿರುವ ಆ ಸಣ್ಣ ವೈರು 15 ಆಂಪಿಯರಿನ ಲೆಕ್ಕಕ್ಕೆ ಹಾಕಿದ್ದು. 30ರ ಫ್ಯೂಸ್ ಹಾಕಿದರೆ ಷಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರು ಬಿಸಿಯಾಗಿ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಫ್ಯೂಸಿನ ಜಾಗಕ್ಕೆ ತುರುಕಿದ ಒಂದು ಕಾರು ನನ್ನ ಹತ್ತಿರ ಬಂದಿತ್ತು. ಡ್ಯಾಶ್ ಬಿಚ್ಚಿದರೆ ಏಳೆಂಟು ವೈರುಗಳು ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಪಾಕದ ಹಾಗೆ ಆಗಿದ್ದವು. ಫ್ಯೂಸಿನಲ್ಲಿ ಉಳಿಸಿದ ಹತ್ತು ರೂಪಾಯಿಗೆ ವೈರಿಂಗ್ ಪೂರ್ತಿ ಹೊಸದು ಬೇಕಾಯಿತು. ಬೆಂಕಿ ಹತ್ತದಿದ್ದದ್ದು ಪುಣ್ಯ.

ಹೊಸ ಫ್ಯೂಸ್ ಹಾಕಿದಿರಿ, ಹಾಡು ಬಂತು, ಚಾರ್ಜರೂ ನಡೆಯಿತು ಅಂದರೆ ಮುಗಿಯಿತು. ಆ ಹಳೇ ಚಾರ್ಜರನ್ನು ಮಾತ್ರ ಮತ್ತೆ ಸಿಕ್ಕಿಸಬೇಡಿ.

ಹಾಕಿದ ಕೂಡಲೇ ಫ್ಯೂಸ್ ಮತ್ತೆ ಹೋಯಿತು ಅಂದರೆ ಷಾರ್ಟ್ ಇನ್ನೂ ಇದೆ. ಚಾರ್ಜರ್ ತೆಗೆದಿಡಿ. ಸ್ಟೀರಿಯೋ ಹಿಂದಿನ ಕಪ್ಲರನ್ನೂ (ವೈರಿನ ಗೊಂಚಲು ಸಿಕ್ಕಿಸುವ ಪ್ಲಗ್) ಕಳಚಿ ಇನ್ನೊಂದು ಫ್ಯೂಸ್ ಹಾಕಿ. ಈಗ ಫ್ಯೂಸ್ ಉಳಿದರೆ ತಪ್ಪು ಸೆಟ್ಟಿನ ಒಳಗೆ ಅಥವಾ ಚಾರ್ಜರಿನಲ್ಲಿ. ಈಗಲೂ ಹೋದರೆ ಸಾಕೆಟ್ಟಿನಲ್ಲಿ ಅಥವಾ ವೈರಿನಲ್ಲಿ. ನಿಮ್ಮದು ಮಲೆನಾಡು, ಅದಕ್ಕೇ ಇಲಿಯ ವಿಷಯ ಹೇಳದೆ ಬಿಡುವ ಹಾಗಿಲ್ಲ. ಅಡಿಕೆ ಚಪ್ಪರದ ಅಡಿಯಲ್ಲಿ, ಕೊಟ್ಟಿಗೆ ಪಕ್ಕದಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಳೆಗಾಲಕ್ಕೆ ಇಲಿ ಸಂಸಾರ ಹೂಡುತ್ತದೆ. ಗ್ಲೋವ್ ಬಾಕ್ಸ್ ತೆಗೆದು ಮೂಸಿ ನೋಡಿ, ಗೊತ್ತಾಗುತ್ತದೆ. ಕಚ್ಚಿದ ವೈರು ಒಂದೇ ಕಡೆ ಇರುವುದಿಲ್ಲ, ಸುತ್ತಮುತ್ತ ಪೂರ್ತಿ ನೋಡಬೇಕು.

ಇನ್ನು ಎ.ಸಿ.ಸಿ. ಫ್ಯೂಸ್ ಸರಿಯಾಗಿಯೇ ಇದ್ದು ಸೆಟ್ಟು ಮಾತ್ರ ಕತ್ತಲೆ ಅಂದರೆ ಡ್ಯಾಶ್ ಬಿಚ್ಚಬೇಕು. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಕಳಚಿ. ಎಷ್ಟೋ ಕಾರುಗಳಿಗೆ ಹತ್ತರ ಸ್ಪ್ಯಾನರ್ ಸಾಕು. ನಿಮ್ಮದು ಹೊರಗೆ ಹಾಕಿಸಿದ ಸೆಟ್ಟು, ತೊಂದರೆ ಇಲ್ಲ. ಆದರೆ ಕಂಪನಿ ಸೆಟ್ಟು ಇರುವವರು ಒಂದು ನಿಮಿಷ ನಿಲ್ಲಿ. ಕೆಲವು ಸೆಟ್ಟುಗಳು ಬ್ಯಾಟರಿ ಕಳಚಿದರೆ ಕಳ್ಳತನವಾಯಿತು ಅಂತ ತಿಳಿದು ಬೀಗ ಹಾಕಿಕೊಳ್ಳುತ್ತವೆ, ಮತ್ತೆ ಬ್ಯಾಟರಿ ಕೊಟ್ಟಾಗ ಕೋಡ್ ಕೇಳುತ್ತವೆ. ಆ ಕೋಡ್ ಕಾರಿನ ಪುಸ್ತಕದ ಜೊತೆ ಒಂದು ಕಾರ್ಡಿನಲ್ಲಿ ಇರುತ್ತದೆ, ಅಥವಾ ಡೀಲರ್ ಹತ್ತಿರ ಸಿಗುತ್ತದೆ. ಬ್ಯಾಟರಿ ಬದಲಾಯಿಸಿದ ಮೇಲೆ "ಸೆಟ್ ಸತ್ತಿದೆ" ಅಂತ ಬರುವವರಲ್ಲಿ ಕೆಲವರದು ಬರೀ ಇದೇ. ಹಾಗೆಯೇ ಡ್ಯಾಶ್ ಒಳಗೆ ಹಳದಿ ಬಣ್ಣದ ಕಪ್ಲರ್, ಹಳದಿ ಕೊಳವೆಯಲ್ಲಿ ಹೋದ ವೈರು ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು.

ಸೆಟ್ಟು ಹೊರಗೆ ಎಳೆದ ಮೇಲೆ ಅದರ ಬೆನ್ನಲ್ಲೇ ಇನ್ನೊಂದು ಫ್ಯೂಸ್ ಕಾಣುತ್ತದೆ, ಹೆಚ್ಚಾಗಿ 10 ಅಥವಾ 15ರದ್ದು. ಕಾರಿನ ಫ್ಯೂಸ್ ಮಾತ್ರ ನೋಡಿ ಸುಮ್ಮನಾಗುವವರು ಇದನ್ನು ಮರೆಯುತ್ತಾರೆ. ಇದೂ ಸರಿ ಇದ್ದರೆ ವೈರಿಗೆ ಬನ್ನಿ. ಹೊರಗಿನ ಸೆಟ್ಟುಗಳ ಜೊತೆ ಬರುವ ವೈರುಗಳಿಗೆ ಒಂದು ಬಣ್ಣದ ಪದ್ಧತಿ ಇದೆ. ಹಳದಿ ಡೈರೆಕ್ಟ್, ಕೆಂಪು ಎ.ಸಿ.ಸಿ., ಕಪ್ಪು ಅರ್ತ್, ಅಂದರೆ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿ ಮೈನಸ್‌ಗೆ ಸೇರುವುದು. ಬಿಳಿ, ಬೂದು, ಹಸಿರು, ನೇರಳೆ ಸ್ಪೀಕರ್‌ಗಳಿಗೆ. ಇದು ಸೆಟ್ಟಿನ ಕಡೆ ಮಾತ್ರ. ಕಾರಿನ ಕಡೆಯ ವೈರಿನ ಬಣ್ಣ ಬೇರೆಯೇ ಇರುತ್ತದೆ, ಅದನ್ನು ನೋಡಿ ಊಹೆ ಮಾಡಬೇಡಿ. ಈಗ ಬ್ಯಾಟರಿ ಮೈನಸ್ ಮತ್ತೆ ಹಾಕಿ, ಎರಡು ವೈರು ಒಂದಕ್ಕೊಂದು ತಾಗದ ಹಾಗೆ ನೋಡಿಕೊಂಡು ಲ್ಯಾಂಪ್ ಹಿಡಿಯಿರಿ. ಹಳದಿಯಲ್ಲಿ ಯಾವಾಗಲೂ ಉರಿಯಬೇಕು. ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ.

ಕಪ್ಪು ವೈರಿಗೆ ಕ್ಲಿಪ್ಪನ್ನು ಉಲ್ಟಾ ಮಾಡಬೇಕು. ಕ್ಲಿಪ್ ಬ್ಯಾಟರಿಯ ಪ್ಲಸ್‌ಗೆ, ಕಡ್ಡಿ ಕಪ್ಪು ವೈರಿಗೆ. ಬಲ್ಬ್ ಜೋರಾಗಿ ಉರಿದರೆ ಅರ್ತ್ ಗಟ್ಟಿ ಇದೆ. ಮಂಕಾಗಿ ಉರಿದರೆ ಇಲ್ಲ.

ಈ ಅರ್ತ್ ವಿಷಯದಲ್ಲಿ ನಾನೇ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು. ಒಬ್ಬರು ಸತ್ತ ಸೆಟ್ಟು ತಂದರು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಹಳದಿಯಲ್ಲಿ 12.4 ವೋಲ್ಟ್, ಕೆಂಪಿನಲ್ಲೂ 12.4. ಫ್ಯೂಸ್ ಸರಿ. "ಸೆಟ್ ಹೋಗಿದೆ ಸರ್" ಅಂತ ದೊಡ್ಡ ಮೆಕ್ಯಾನಿಕ್ ಹಾಗೆ ಹೇಳಿದೆ. ಅವರು ಪಾಪ ಹೊಸದು ಕೊಂಡು ತಂದರು. ಕೂರಿಸಿದೆವು. ಅದೂ ಕತ್ತಲೆ! ಮೇಸ್ತ್ರಿ ಬಂದು ಮೀಟರ್ ಬದಿಗಿಟ್ಟು, ಲ್ಯಾಂಪ್ ತಗೊಂಡು ಕಪ್ಪು ವೈರು ಮುಟ್ಟಿದರು. ಬಲ್ಬ್ ಬೆಂಕಿಕಡ್ಡಿ ಆರುವಾಗ ಇರುತ್ತದಲ್ಲ, ಅಷ್ಟು ಕೆಂಪಾಯಿತು ಅಷ್ಟೆ. ವೈರನ್ನು ಬೆರಳಲ್ಲಿ ಹಿಡಿದು ಹಿಂದೆ ಹೋದರು. ಡ್ಯಾಶ್ ಒಳಗೆ ಒಂದು ಸ್ಕ್ರೂ ಅಡಿಗೆ ಅದನ್ನು ಸಿಕ್ಕಿಸಿದ್ದರು. ಸ್ಕ್ರೂ ತುಕ್ಕು ಹಿಡಿದಿತ್ತು, ವೈರಿನ ಎಳೆಗಳೆಲ್ಲ ಕಡಿದು ಒಂದೇ ಒಂದು ಎಳೆ ನಿಂತಿತ್ತು. ನಾನು ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಲೋಹಕ್ಕೆ ಹಿಡಿದಿದ್ದೆ, ಆ ಕಪ್ಪು ವೈರನ್ನು ಮುಟ್ಟಿಯೇ ನೋಡಿರಲಿಲ್ಲ. ಅದಕ್ಕೆ ಹಿಡಿದಿದ್ದರೂ ಬಹುಶಃ ಮೋಸ ಹೋಗುತ್ತಿದ್ದೆ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅಂತ ಹೇಳಬಹುದು, ಹಾಗಾಗಿ ಒಂದೇ ಎಳೆ ಇದ್ದರೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಬಲ್ಬು ನಿಜವಾಗಿ ಕರೆಂಟ್ ಕುಡಿಯುತ್ತದೆ, ದಾರಿ ಸಣ್ಣದಾಗಿದ್ದರೆ ಮಂಕಾಗುತ್ತದೆ. ಅವತ್ತಿನಿಂದ ನನ್ನ ಜೇಬಿನಲ್ಲಿ ಮೊದಲು ಲ್ಯಾಂಪ್, ಆಮೇಲೆ ಮೀಟರ್.

ಅರ್ತ್ ಅರ್ಧಂಬರ್ಧ ಇದ್ದಾಗ ಸೆಟ್ಟು ಚಿತ್ರವಿಚಿತ್ರವಾಗಿ ಆಡುತ್ತದೆ. ವಾಲ್ಯೂಮ್ ಜಾಸ್ತಿ ಮಾಡಿದ ಕೂಡಲೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಎಂಜಿನ್ ರೇಸ್ ಮಾಡಿದರೆ ಸ್ಪೀಕರಿನಲ್ಲಿ ಕುಂಯ್ ಅಂತ ಸದ್ದು ಏರುತ್ತದೆ. ಇನ್ನೂ ಒಂದು ಮಜಾ ಇದೆ. ಆಂಟೆನಾ ಪಿನ್ ಸಿಕ್ಕಿಸಿದ್ದಾಗ ಸೆಟ್ಟು ನಡೆಯುತ್ತದೆ, ಕಿತ್ತರೆ ಆರುತ್ತದೆ. ಆಂಟೆನಾಕ್ಕೂ ಡಿಸ್‌ಪ್ಲೇಗೂ ಏನು ಸಂಬಂಧ ಅಂತೀರಾ? ಆಂಟೆನಾ ಕೇಬಲಿನ ಹೊರ ಜಾಲರಿ ಕಾರಿನ ಬಾಡಿಯ ಲೋಹಕ್ಕೆ ತಾಗಿರುತ್ತದೆ. ತನ್ನ ಅರ್ತ್ ಕೈಕೊಟ್ಟಾಗ ಸೆಟ್ಟು ಆ ಜಾಲರಿಯ ಮೂಲಕ ದಾರಿ ಮಾಡಿಕೊಂಡಿರುತ್ತದೆ. ಇದನ್ನು ಕಂಡರೆ ಬೇರೆ ಏನೂ ಹುಡುಕಬೇಡಿ, ಕಪ್ಪು ವೈರನ್ನು ಬಿಚ್ಚಿ, ಉಜ್ಜಿ, ತುದಿಗೆ ಹೊಸ ಲಗ್ (ಸ್ಕ್ರೂ ಅಡಿಗೆ ಕೂರುವ ಲೋಹದ ಬಳೆ) ಹಾಕಿ ಗಟ್ಟಿ ಬಿಗಿಯಿರಿ.

ಹೊರಗೆ ಹಾಕಿಸಿದ ಸೆಟ್ಟುಗಳ ದೊಡ್ಡ ರೋಗ ಜಾಯಿಂಟು. ವೈರು ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟಿರುತ್ತಾರೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್ ಒಳಗಿನ ಸೆಖೆಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಹತ್ತು ವರ್ಷ ಹೊಂಡ ಗುಂಡಿಯಲ್ಲಿ ಕುಲುಕಿದ ಮೇಲೆ ತಿರುಚಿದ್ದೂ ಸಡಿಲ. ಕರಾವಳಿ ಕಡೆಯ ಕಾರಾದರೆ ಉಪ್ಪು ಗಾಳಿಗೆ ತಾಮ್ರ ಹಸಿರು ಪುಡಿಯಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಬೆಸುಗೆ ಹಾಕಿ ಮೇಲೆ ಬಿಸಿಗೆ ಕುಗ್ಗುವ ಕೊಳವೆ ಏರಿಸಿದರೆ, ಇಲ್ಲವೇ ಸರಿಯಾದ ಕ್ರಿಂಪ್ (ವೈರಿನ ಮೇಲೆ ಅದುಮಿ ಬಿಗಿಯುವ ಲೋಹದ ಕೊಳವೆ) ಹಾಕಿದರೆ ಕಾರು ಇರುವವರೆಗೂ ಬರುತ್ತದೆ.

ಡಿಸ್‌ಪ್ಲೇ ಬರುತ್ತದೆ, ಸದ್ದು ಮಾತ್ರ ಇಲ್ಲ ಅನ್ನುವುದು ನಿಮ್ಮ ತೊಂದರೆ ಅಲ್ಲ. ಆದರೂ ಇದನ್ನು ಕೇಳುವವರು ಜಾಸ್ತಿ, ಹಾಗಾಗಿ ಎರಡು ಮಾತು. ಮ್ಯೂಟ್ ಮತ್ತು ಫೇಡರ್ (ಮುಂದಿನ, ಹಿಂದಿನ ಸ್ಪೀಕರಿಗೆ ಸದ್ದು ಹಂಚುವುದು) ನೋಡಿ, ಮಕ್ಕಳು ಒತ್ತಿರುತ್ತಾರೆ. ಆಮೇಲೆ ಸ್ಪೀಕರ್ ವೈರು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರಿಗೆ ಆಂಪ್ಲಿಫೈಯರ್ ಕರೆಂಟ್ ಕೊಡುತ್ತದೆ, ಮೈನಸ್ ಅಂತ ಹೇಳುವ ವೈರು ಕೂಡ ಅರ್ತ್ ಅಲ್ಲ. ಅದು ಬಾಗಿಲಿನ ತಗಡಿಗೆ ತಾಗಿದರೆ ಆಂಪ್ ತನ್ನನ್ನು ಉಳಿಸಿಕೊಳ್ಳಲು ನಾಲ್ಕೂ ಸ್ಪೀಕರಿನ ಸದ್ದು ನಿಲ್ಲಿಸುತ್ತದೆ. ತಾಗುವ ಜಾಗ ಹೆಚ್ಚಾಗಿ ಬಾಗಿಲ ಕೀಲಿನ ಹತ್ತಿರದ ರಬ್ಬರ್ ಕೊಳವೆ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಅದರೊಳಗಿನ ವೈರು ಮುರಿಯುತ್ತದೆ. ನಾಲ್ಕನ್ನೂ ಕಳಚಿ ಒಂದೊಂದಾಗಿ ಸೇರಿಸುತ್ತಾ ಬನ್ನಿ, ಯಾವುದು ಸೇರಿದಾಗ ಸದ್ದು ನಿಂತಿತೋ ಅದೇ ಕಳ್ಳ. ಸ್ಪೀಕರ್ ಬದುಕಿದೆಯಾ ಅಂತ ನೋಡಲು ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಸೆಟ್ಟಿನಿಂದ ಕಳಚಿದ ಎರಡು ವೈರಿಗೆ ಕ್ಷಣಮಾತ್ರ ಮುಟ್ಟಿಸಿದರೆ ಟಪ್ ಅಂತ ಸದ್ದು ಬರಬೇಕು. ಸೀಟಿನ ಅಡಿ ಬೇರೆ ಆಂಪ್ ಇದ್ದವರು ನೀಲಿ-ಬಿಳಿ ಪಟ್ಟೆಯ ರಿಮೋಟ್ ವೈರು, ಅಂದರೆ ಆಂಪನ್ನು ಎಬ್ಬಿಸುವ ವೈರು, ಕಳಚಿದೆಯಾ ನೋಡಿ. ಮತ್ತೆ, ಬ್ಲೂಟೂತ್ ಹಾಡು ಬರುತ್ತದೆ, ಘಾಟಿಯಲ್ಲಿ ಎಫ್.ಎಂ. ಮಾತ್ರ ಬರುವುದಿಲ್ಲ ಅಂದರೆ ಸೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಗುಡ್ಡ ಅಡ್ಡ ಬಂದಿದೆ, ಅಷ್ಟೇ.

ಡ್ಯಾಶ್ ಬಿಚ್ಚುವ ಮೊದಲು ಮಾಡಬಹುದಾದ ಇನ್ನೊಂದು ಸುಲಭದ ಕೆಲಸ ರೀಸೆಟ್. ಮುಂಭಾಗದಲ್ಲಿ ಪಿನ್ ತೂರುವಷ್ಟು ಸಣ್ಣ ತೂತು ಇದ್ದರೆ ಒತ್ತಿ. ಕಳಚುವ ಮುಂಭಾಗದ ಸೆಟ್ಟಾದರೆ ಅದನ್ನು ಕಳಚಿ, ಹಿಂದಿನ ಹಲ್ಲುಗಳನ್ನು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿ. ನಿಮ್ಮ ವಿಷಯದಲ್ಲಿ ಇದರಿಂದ ಉಪಯೋಗ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ, ಚಾರ್ಜರೂ ಸತ್ತಿದೆಯಲ್ಲ. ಆದರೂ ಖರ್ಚಿಲ್ಲದ ಕೆಲಸ.

ಹಾಗಾದರೆ ಸೆಟ್ಟು ನಿಜವಾಗಿ ಹೋಗಿದೆ ಅಂತ ಯಾವಾಗ ಒಪ್ಪಬೇಕು? ಹಳದಿ, ಕೆಂಪು ಎರಡರಲ್ಲೂ ಲ್ಯಾಂಪ್ ಜೋರಾಗಿ ಉರಿಯುತ್ತದೆ, ಅರ್ತ್ ಗಟ್ಟಿ, ಬೆನ್ನಿನ ಫ್ಯೂಸ್ ಸರಿ, ರೀಸೆಟ್ ಆಗಿದೆ, ಆದರೂ ಕತ್ತಲೆ. ಆಗ ಸೆಟ್ಟನ್ನು ಮೇಜಿನ ಮೇಲೆ ಇಟ್ಟು, ಹಳದಿ ಕೆಂಪು ಎರಡನ್ನೂ ಸೇರಿಸಿ ಇನ್ನೊಂದು 12 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಕೊಟ್ಟು ನೋಡುತ್ತೇವೆ. ಏಳಲಿಲ್ಲ ಅಂದರೆ ಹೋಗಿದೆ. ಆಗಲೂ ಒಮ್ಮೆ ರೇಡಿಯೋ ರಿಪೇರಿಯವರಿಗೆ ತೋರಿಸಬಹುದು. ಬ್ಯಾಟರಿಯನ್ನು ಉಲ್ಟಾ ಕೊಟ್ಟು ಹೋದ ಸೆಟ್ಟುಗಳಲ್ಲಿ ಎಷ್ಟೋ ಸಲ ಒಳಗಿನ ಒಂದು ಡಯೋಡ್ ಮಾತ್ರ ಷಾರ್ಟ್ ಆಗಿರುತ್ತದೆ. ಉಳಿದದ್ದನ್ನು ಕಾಪಾಡಿ ತಾನು ಸತ್ತಿರುತ್ತದೆ ಅದು. ನೀರು ಹೋಗಿ ಬೋರ್ಡ್ ತುಕ್ಕು ಹಿಡಿದಿದ್ದರೆ ಮಾತ್ರ ರಿಪೇರಿಗೆ ದುಡ್ಡು ಸುರಿಯಬೇಡಿ.

ನಿಮ್ಮ ಗ್ಯಾರೇಜಿನವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಮೆಕ್ಯಾನಿಕ್ ಬೇರೆ, ಆಟೋ ಎಲೆಕ್ಟ್ರಿಷಿಯನ್ ಬೇರೆ. ಎಂಜಿನ್ ಬಿಚ್ಚುವವರಿಗೆ ವೈರು ಹುಡುಕುವ ವ್ಯವಧಾನ ಇರುವುದಿಲ್ಲ, ಸೆಟ್ಟು ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ಫ್ಯೂಸ್ ನೋಡದೆ 14 ಸಾವಿರದ ಸೆಟ್ಟು ಹಾಕಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಅದೂ ಏಳುತ್ತಿರಲಿಲ್ಲ. ಇಲ್ಲವೇ ಕೆಂಪು ವೈರನ್ನೂ ಹಳದಿಗೇ ಸೇರಿಸಿ "ಆಯ್ತು ಸರ್" ಅನ್ನುತ್ತಿದ್ದರು. ಹಾಗೆ ಮಾಡಿದರೆ ಸೆಟ್ಟು ಏಳುತ್ತದೆ ನಿಜ. ಆದರೆ ಕೀ ತೆಗೆದರೂ ಮಲಗುವುದಿಲ್ಲ. ಬಟನ್ ಒತ್ತಿ ಆಫ್ ಮಾಡಲು ಒಂದು ರಾತ್ರಿ ಮರೆತರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ, ಆಮೇಲೆ "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ".

ಹಾಗಾಗಿ ಫ್ಯೂಸ್, ವೈರು ಎಲ್ಲ ನೋಡಿದ ಮೇಲೂ ಹೊಸದೇ ಬೇಕು ಅಂತಾದರೆ ಎರಡು ಷರತ್ತು ಹಾಕಿ. ಹಳೇ ಸೆಟ್ಟು ಕಿತ್ತ ಮೇಲೆ ಖಾಲಿ ಕಪ್ಲರಿನಲ್ಲಿ ನಿಮ್ಮ ಕಣ್ಣೆದುರೇ ಲ್ಯಾಂಪ್ ಉರಿಸಿ ತೋರಿಸಲಿ. ಹೊಸ ಸೆಟ್ಟನ್ನು ಕಾರಿನ ವೈರು ಕತ್ತರಿಸದೆ, ನಿಮ್ಮ ಮಾಡೆಲಿಗೆ ಸಿಗುವ ರೆಡಿ ಕಪ್ಲರ್ ಹಾಕಿ ಕೂರಿಸಲಿ. ಅದಕ್ಕೆ ಕೆಲವು ನೂರು ಜಾಸ್ತಿ ಆಗಬಹುದು, ಚೌಕಾಸಿ ಮಾಡಬೇಡಿ. ಹಳೇ ಸೆಟ್ಟನ್ನು ಅಲ್ಲೇ ಬಿಟ್ಟು ಬರಬೇಡಿ, ಅದರ ವೈರಿನ ಗೊಂಚಲು ಸಮೇತ ಮನೆಗೆ ತನ್ನಿ. ಇನ್ನೊಂದು ಬ್ಯಾಟರಿಗೆ ಕೊಟ್ಟಾಗ ಅದು ಎದ್ದರೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ ರೇಡಿಯೋ ಆಗುತ್ತದೆ.

ಅದೆಲ್ಲ ಆಮೇಲಿನ ಮಾತು. ಇವತ್ತು ಸಂಜೆ ಟಾರ್ಚ್ ತಗೊಂಡು ಆ ಸಾಕೆಟ್ಟಿನ ಒಳಗೆ ನೋಡಿ. ನಿಮ್ಮ ಹಳೇ ಚಾರ್ಜರಿನ ಮೂತಿಯಲ್ಲಿ ಉಂಗುರ ಇದೆಯಾ ಅಂತಲೂ ನೋಡಿ.